ಮಾವ ಜಪಾನನ್ನು ಕೂರಿಸಿದ್ದು

ನಮ್ಮ ಮಾವ ಜಪಾನನ್ನು ನೋಡಿಲ್ಲ. ಆದರೆ ಜಪಾನಿನ ವಿಷಯದಲ್ಲಿ ಅವರೊಡನೆ ವಾದಕ್ಕೆ ಕೂತು ಗೆದ್ದು ಎದ್ದವರನ್ನು ನಾನೂ ನೋಡಿಲ್ಲ! ಪಾಸ್‌ಪೋರ್ಟ್ ಕೂಡ ಮಾಡಿಸದ ಈ ಮಹಾಶಯರು ಟೋಕಿಯೋದ ಯಾವ ಓಣಿಯಲ್ಲಿ ಬಲಕ್ಕೆ ತಿರುಗಿದರೆ ಏನು ಸಿಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲರು. ಮದರಾಸಿನ ಕೀಲ್ಪಾಕಿನ ತಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಾಗ ಮಾತ್ರ ದಾರಿ ತಪ್ಪುತ್ತಾರೆ. ಆಗ ಪಕ್ಕದಲ್ಲಿ ನಡೆಯುವ ಯಾರಿಗೋ ಜಪಾನಿನ ಒಂದು ಕಂಪನಿಯ ಚರಿತ್ರೆ ಹೇಳುತ್ತಿರುತ್ತಾರಲ್ಲ, ಅದಕ್ಕೆ.

ಮಾವ ಎಂದರೆ ನನ್ನ ಅಮ್ಮನ ದೊಡ್ಡಪ್ಪನ ಮಗ. ಅವರ ಮನೆಯವರು ಅಜ್ಜ, ಮುತ್ತಜ್ಜನ ಕಾಲದಿಂದ ಮದರಾಸಿನವರು. ಅವರ ಕನ್ನಡದಲ್ಲಿ ತಮಿಳು ಇರುವುದು ಸಾರಿನಲ್ಲಿ ಇಂಗು ಇದ್ದ ಹಾಗೆ. ನಾನು ಮೈಸೂರಿನ ಕಡೆಯವಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಈ ಊರಿಗೆ ಬಂದು, ಪೋರೂರಿನಲ್ಲಿ ಒಂದು ಕೋಣೆಯ ಮನೆ ಹಿಡಿದವಳು. "ಊರಲ್ಲಿ ನಮ್ಮೋರು ಅಂತ ಮಾವ ಇದಾರಲ್ಲ, ಭಾನುವಾರ ಹೋಗಿ ಬಾರೇ" ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಮಾವ ಇದ್ದಾರೆ ಎಂದಳೇ ಹೊರತು, ಜೊತೆಗೆ ಒಂದು ಕಂಪನಿಯೂ ಇದೆ ಎಂದು ಬಾಯಿ ಬಿಡಲಿಲ್ಲ!

ಅದು ಜಪಾನಿನ ಆಟಿಕೆ ಕಂಪನಿ. ಅದರ ಸಾಮಾನು ತರಿಸುತ್ತಿದ್ದ ಇಲ್ಲಿನ ಏಜೆಂಟರ ಆಫೀಸಿನಲ್ಲಿ ಮಾವ ಗುಮಾಸ್ತರಾಗಿದ್ದರು. ಪೆಟ್ಟಿಗೆಯ ಮೇಲಿನ ಚೀಟಿ ಓದಿ ಒಳಗೆ ಇಡಿಸುವುದು, ಚೀಟಿ ಓದಿ ಹೊರಗೆ ಕಳಿಸುವುದು, ಇಷ್ಟೇ ಸಂಬಂಧ. ಆದರೂ ಅವರ ಬಾಯಲ್ಲಿ ಅದು ಸದಾ "ನಮ್ಮ ಕಂಪನಿ". ಅದನ್ನು ಕಟ್ಟಿದವರು "ನಮ್ಮ ಯಜಮಾನ್ರು". ಆ ಯಜಮಾನರಿಗೆ ಇಂಥ ಒಬ್ಬ ವಂಶೋದ್ಧಾರಕ ಮದರಾಸಿನಲ್ಲಿ ಹುಟ್ಟಿದ್ದಾನೆಂದು ಗೊತ್ತಿತ್ತೋ ಇಲ್ಲವೋ!

"ಯುದ್ಧ ಮುಗ್ದಿತ್ತು, ಪಾರಮ್ಮಾ" ಎಂದು ಮಾವ ಶುರು ಮಾಡುತ್ತಾರೆ. ನೋಡಮ್ಮಾ ಎನ್ನುವುದು ಅವರ ಬಾಯಲ್ಲಿ ಪಾರಮ್ಮಾ. "ಊರೆಲ್ಲ ಬೂದಿ. ನಮ್ಮ ಯಜಮಾನ್ರು ಏನ್ ಮಾಡಿದ್ರು? ಬೀದೀಲಿ ಬಿದ್ದಿತ್ತಲ್ಲ ಖಾಲಿ ಮೀನಿನ ಡಬ್ಬಾ, ಅದನ್ನ ತೊಳ್ದು, ಕತ್ತರ್ಸಿ, ಒಂದು ಕಾರು ಪಣ್ಣಿದ್ರು!" ಅಲ್ಲಿಂದ ಕೀಲಿ ಕೊಟ್ಟರೆ ನಡೆಯುವ ರೋಬಾಟು, ರೋಬಾಟಿನಿಂದ ಅಂಗೈಯಲ್ಲಿ ಸಾಕುವ ಎಲೆಕ್ಟ್ರಾನಿಕ್ ಪ್ರಾಣಿ, ಆಮೇಲೆ ಸಿನಿಮಾ, ಹೋಟೆಲು, ಅಮ್ಯೂಸ್‌ಮೆಂಟ್ ಪಾರ್ಕು, ಮಕ್ಕಳ ಚಡ್ಡಿ. ಒಂದು ದಂಧೆ ಬಿಟ್ಟಿಲ್ಲ! ಯಾರದೋ ವೈಕುಂಠ ಸಮಾರಾಧನೆಯಲ್ಲಿ ಪುರೋಹಿತರು ಉಸಿರು ತೆಗೆದುಕೊಂಡ ಸಂದಿನಲ್ಲಿ ಮಾವ ರೋಬಾಟನ್ನು ನುಗ್ಗಿಸಿದ್ದರಂತೆ. ಸತ್ತವರು ಪುಣ್ಯವಂತರು ಎಂದು ಬಂಧುಗಳೆಲ್ಲ ಆ ದಿನ ಒಮ್ಮತದಿಂದ ಒಪ್ಪಿದರಂತೆ.

ಚರಿತ್ರೆಯ ಕೊನೆಯ ಅಧ್ಯಾಯಕ್ಕೆ ಮಾವನ ದನಿ ತಗ್ಗುತ್ತದೆ. "ಆಮೇಲೆ ಅಲ್ಲಿ ಮಕ್ಕಳೇ ಕಮ್ಮಿ ಆಗ್ಬಿಟ್ರಮ್ಮಾ. ಗೊಂಬೆ ಯಾರಿಗೆ ಮಾರೋದು? ಒಬ್ಬೊಬ್ರೇ ಇರೋ ಮುದುಕರಿಗೆ ಮಾತಾಡೋ ಗೊಂಬೆ ಮಾಡಿದ್ರು. ಎಂಥ ತಲೆ ಪಾರು!"

ಏಜೆಂಟರು ಆಫೀಸು ಮುಚ್ಚಿದಾಗ ಉಳಿದ ಸ್ಯಾಂಪಲ್ಲುಗಳನ್ನು ಕೆಲಸದವರಿಗೆ ಹಂಚಿದರು. ಮಕ್ಕಳಿದ್ದವರು ಕಾರು, ರೋಬಾಟುಗಳಲ್ಲಿ ಚೆನ್ನಾಗಿದ್ದದ್ದನ್ನೆಲ್ಲ ಆರಿಸಿಕೊಂಡರು. ಮಕ್ಕಳಿಲ್ಲದ ಮಾವನಿಗೆ ಮಿಕ್ಕ ಮುರುಕಲುಗಳ ಒಂದು ಮೂಟೆ, ಮೇಲೆ ಯಾರಿಗೂ ಬೇಡವಾದ ಮಾತಾಡುವ ಗೊಂಬೆ ಬಂತು. ಗುಂಡು ಮುಖ, ಕೆಂಪು ಕೆನ್ನೆ. ಯಾರಾದರೂ ಬಾಗಿಲು ತೆಗೆದು ಒಳಗೆ ಬಂದರೆ "ಒಕಾಯೆರಿ" ಎನ್ನುತ್ತದೆ. ಮನೆಗೆ ಬಂದೆಯಾ ಎಂದು ಅರ್ಥವಂತೆ. ಬಂದವರು "ತದಾಯಿಮಾ" ಎನ್ನಬೇಕು, ಬಂದೆ ಎಂದು. ಅನ್ನದಿದ್ದರೆ ಮಾವ ಒಳಗೆ ಬಿಡುವುದಿಲ್ಲ! ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತಿ ಬಂದವನು ಏದುಸಿರು ಬಿಡುತ್ತ "ತದಾಯಿಮಾ ಸಾರ್, ತದಾಯಿಮಾ, ಎಂಗ ವೆಕ್ಕಣುಂ?" ಎಂದು ಕೂಗಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಸಿಲಿಂಡರ್ ಎಲ್ಲಿಡಲಿ ಎಂದು ಪಾಪ ಅವನ ಅಳಲು.

ಈಗ ಹಬ್ಬದ ವಿಷಯಕ್ಕೆ ಬರುತ್ತೇನೆ.

ಅತ್ತೆ ಇದ್ದಾಗ ನವರಾತ್ರಿಗೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಕುಂಕುಮ ಹಿಡಿದು ಮನೆಮನೆಗೆ ಕರೆಯಲು ಹೋಗುವುದು, ಬಂದವರು ಹಾಡುವುದು, ಉಸಲಿ ತಿಂದು ತಾಂಬೂಲ ಕಟ್ಟಿಕೊಂಡು ಹೋಗುವುದು ಅಲ್ಲಿನ ಪದ್ಧತಿ. ಅತ್ತೆ ತೀರಿಕೊಂಡ ಮೇಲೆ ಅವರ ಆಸೆಯಂತೆ ಗೊಂಬೆಗಳೆಲ್ಲ, ಪಟ್ಟದ ಗೊಂಬೆಯೂ ಸೇರಿ, ಅವರ ತಂಗಿಯ ಮಗಳ ಪಾಲಾದವು. ಗೊಂಬೆ ಇಡುವ ಮೆಟ್ಟಿಲುಗಳು ಅಟ್ಟ ಸೇರಿದವು. ಕುಂಕುಮ ಹಿಡಿದವರು ಎಡಗಡೆಯ ಮನೆಯ ಬೆಲ್ ಒತ್ತಿ, ಬಲಗಡೆಯ ಮನೆಯ ಬೆಲ್ ಒತ್ತಿ, ನಡುವಿನ ಬಾಗಿಲನ್ನು ದಾಟಿ ಹೋಗತೊಡಗಿದರು. ಹೆಂಗಸರಿಲ್ಲದ ಮನೆಗೆ ಕುಂಕುಮ ಯಾರು ತರುತ್ತಾರೆ? ಅವರದೇನೂ ತಪ್ಪಿಲ್ಲ. ಆದರೆ ಬೆಲ್ಲಿನ ಸದ್ದು ಗೋಡೆಯಾಚೆ ಕೇಳುತ್ತದಲ್ಲ.

"ಈ ವರ್ಷ ನಾನೇ ಕೂರಿಸ್ತೀನಮ್ಮಾ" ಎಂದರು ಮಾವ.

"ಗೊಂಬೆ ಎಲ್ಲಿದೆ ಮಾವ?"

"ಕಂಪನಿ ಇದೆಯಲ್ಲ!"

ಅಟ್ಟದಿಂದ ಮೆಟ್ಟಿಲುಗಳನ್ನು ಇಳಿಸಿದರು. ಇದ್ದ ಮುರುಕು ಕಾರು, ಕೈ ಹೋದ ರೋಬಾಟು ಎಲ್ಲವನ್ನೂ ಮೂಟೆಯಿಂದ ತೆಗೆದರು. ಮೆಟ್ಟಿಲಿಗೊಂದು ಯುಗ! ಕೆಳಗಿನ ಮೆಟ್ಟಿಲಲ್ಲಿ ಕಂಪನಿಯ ಜನನ, ಅಂದರೆ ಮೀನಿನ ಡಬ್ಬ, ಇರಲೇಬೇಕೆಂದು ಹಟ. ಈರುಳ್ಳಿ ಮುಟ್ಟದ ಈ ವೈಷ್ಣವರು ನಾಮ ಹಚ್ಚಿಕೊಂಡು ಬೆಳಗಿನ ಜಾವ ಕಾಸಿಮೇಡಿನ ಮೀನು ಬಂದರಿಗೆ ಹೊರಟರು. ಮೀನು ಇರುವ ಕಡೆ ಡಬ್ಬವೂ ಇರುತ್ತದೆಂಬುದು ಅವರ ತರ್ಕ. ಹರಾಜಿನ ಗದ್ದಲದ ನಡುವೆ ಪಂಚೆ ಎತ್ತಿ ಹಿಡಿದು ಖಾಲಿ ಡಬ್ಬ ಕೇಳಿದರೆ, ಬುಟ್ಟಿಯ ಮುಂದೆ ಕೂತಿದ್ದ ಹೆಂಗಸು ನಕ್ಕೂ ನಕ್ಕೂ, "ಸಾಮೀ, ಇಂಗ ಮೀನು ಕಡಲ್ಲೇಂದು ವರುದು, ಡಬ್ಬಾಲೇಂದು ಇಲ್ಲೆ!" ಎಂದಳಂತೆ. ಇಲ್ಲಿ ಮೀನು ಬರುವುದು ಕಡಲಿನಿಂದ! ಕೊನೆಗೆ ಡಬ್ಬ ಸಿಕ್ಕಿದ್ದು ಮನೆಯ ಹಿಂದಿನ ಬೀದಿಯ ಸೂಪರ್ ಮಾರ್ಕೆಟ್ಟಿನಲ್ಲಿ. ಒಳಗಿದ್ದ ಮೀನನ್ನು ವಾಚ್‌ಮನ್ನಿಗೆ ಕೊಟ್ಟು, ಡಬ್ಬವನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ತಾವು ತಲೆಗೆ ಸ್ನಾನ ಮಾಡಿ, ಅದಕ್ಕೊಂದು ಅರಿಸಿನದ ಬೊಟ್ಟು ಇಟ್ಟರು.

ತುದಿಯ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಯ ಜಾಗದಲ್ಲಿ, ಬಾಗಿಲಿಗೆ ಮುಖ ಮಾಡಿ ಕೂತಿದ್ದು ಗುಂಡು ಮುಖದ ಒಕಾಯೆರಿ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮಾವ ಕರೆಯೋಲೆ ಹಾಕಿದರು: "ಜಪಾನ್ ಗೊಂಬೆ ನೋಡಲು ಸಕುಟುಂಬ ಬನ್ನಿ. ದಿನವೂ ಉಸಲಿ ಉಂಟು. ಕಂಪನಿಯ ಚರಿತ್ರೆಯನ್ನು ಪೂರ್ತಿಯಾಗಿ ಹೇಳಲಾಗುವುದು." ಆ ಕೊನೆಯ ವಾಕ್ಯ ಬೇಡ ಎಂದು ಬಡಕೊಂಡೆ. ಕೇಳಿದರೆ ತಾನೆ!

ನನಗೆ ಆ ವಾರವೆಲ್ಲ ಸಂಜೆಯ ಪಾಳಿ. ಸಂದು ಸಿಕ್ಕಾಗ ಫೋನು ಮಾಡುತ್ತಿದ್ದೆ.

"ಯಾರಾದ್ರೂ ಬಂದಿದ್ರಾ ಮಾವ?"

"ಕೊರಿಯರ್ ಹುಡುಗ ಬಂದಿದ್ದ. ಚೆನ್ನಾಗಿ ಅಂದ, ತದಾಯಿಮಾ."

ಮರುದಿನ, "ಇವತ್ತು ಕಡಲೆ ಉಸಲಿ. ಏನು ರುಚಿ ಗೊತ್ತಾ! ಮೂರು ಸಲ ಹಾಕ್ಕೊಂಡೆ." ಇನ್ನೊಂದು ದಿನ ಭಾರೀ ಉತ್ಸಾಹ. "ಮೇಲ್ಮನೆ ಮಾಮಿ, ಅವರ ನಾದಿನಿ, ಇಬ್ರು ಬಂದಿದ್ರು!" ಆಮೇಲೆ, "ರೋಬಾಟಿನ ಹೊತ್ತಿಗೆ ಎದ್ರಮ್ಮಾ. ಹೋಟೆಲು, ಪಾರ್ಕು ಏನೂ ಕೇಳಲೇ ಇಲ್ಲ. ಅವರಿಗೂ ಮನೆಗೆಲಸ, ವೇಲೆ ಇರುತ್ತಲ್ವಾ."

ನಾನು ನಗುತ್ತಲೇ ಫೋನು ಇಟ್ಟೆ. ಆಮೇಲೆ ಪೋರೂರಿಗೆ ಬಂದು ಬೀಗ ತೆಗೆದೆ. ನನ್ನ ಕೋಣೆಯಲ್ಲಿ ಬಾಗಿಲು ತೆಗೆದರೆ ಮಾತಾಡುವುದು ಕದದ ಕೀಲು ಒಂದೇ. ಅದಕ್ಕೂ ಎಣ್ಣೆ ಬಿಟ್ಟಿರಲಿಲ್ಲ ನಾನು.

ವಿಜಯದಶಮಿಗೆ ರಜೆ ಸಿಕ್ಕಿತು. ಮಲ್ಲಿಗೆ ತೆಗೆದುಕೊಂಡು ಮಧ್ಯಾಹ್ನವೇ ಕೀಲ್ಪಾಕಿಗೆ ಹೋದೆ. ಮೆಟ್ಟಿಲು ಹತ್ತುವಾಗ ಮೇಲಿನಿಂದ "ಒಕಾಯೆರಿ" ಕೇಳಿಸಿತು. "ತದಾಯಿಮಾ" ಎಂದರು ಮಾವ. ಅಬ್ಬ, ಯಾರೋ ಬಂದಿದ್ದಾರೆ, ಅವರಿಗೆ ಹೇಳಿಕೊಡುತ್ತಿದ್ದಾರೆ ಎಂದು ಖುಷಿಯಾಯಿತು. ಬಾಗಿಲು ಮುಚ್ಚಿದ ಸದ್ದು. ಮತ್ತೆ ತೆಗೆದ ಸದ್ದು. "ಒಕಾಯೆರಿ." "ತದಾಯಿಮಾ." ತಿರುವಿನಲ್ಲಿ ನಿಂತು ನೋಡಿದೆ. ಜರಿ ಪಂಚೆ ಉಟ್ಟ ಮಾವ ಒಬ್ಬರೇ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಒಂದು ಕ್ಷಣ ನಿಂತು, ಮತ್ತೆ ತಳ್ಳಿ ಒಳಗೆ ಹೋಗುತ್ತಿದ್ದರು.

ನನ್ನನ್ನು ಕಂಡು ಗಾಬರಿಯಾದರು. "ಬ್ಯಾಟರಿ ನೋಡ್ತಿದ್ದೆ" ಎಂದರು.

ನನಗೆ ನಗು ಬರಲಿಲ್ಲ. ಒಳಗೆ ಹೋಗಿ, ಗೊಂಬೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟು, ಮೆಟ್ಟಿಲುಗಳ ಮುಂದೆ ಕೂತು, "ಹೇಳಿ ಮಾವ, ಯುದ್ಧ ಮುಗಿದಿತ್ತು" ಎಂದೆ. ಚಡ್ಡಿಯವರೆಗೂ ಕೇಳಿದೆ. ಕೇಳಿದ ಕಥೆಯೇ. ಎದ್ದು ಹೋಗಬೇಕು ಅನ್ನಿಸಲಿಲ್ಲ.

ಸಂಜೆ ದೀಪ ಹಚ್ಚಿ ಆರತಿ ಮಾಡಿದೆವು. ಹಬ್ಬ ಮುಗಿಯಿತೆಂದು ಒಂದು ಗೊಂಬೆಯನ್ನಾದರೂ ಮಲಗಿಸುವುದು ಶಾಸ್ತ್ರ. ಮಾವ ತುದಿಯ ಮೆಟ್ಟಿಲಿನಿಂದ ಒಕಾಯೆರಿಯನ್ನು ಇಳಿಸಿದರು. ಅತ್ತೆಯ ರೇಷ್ಮೆ ಸೀರೆಯೊಂದನ್ನು ಮಡಿಸಿ ಹಾಸಿ ಮಲಗಿಸಿ, ಬೆನ್ನಿನಿಂದ ಬ್ಯಾಟರಿ ತೆಗೆದರು. "ಮಲಗಿದ್ಮೇಲೆ ಎಬ್ಬಿಸಬಾರದಲ್ವಾ. ಪಾಪ, ದಿನವೆಲ್ಲ ಮಾತಾಡತ್ತೆ." ಆಮೇಲೆ ಮೊಸರು ತರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟರು. ನಾನು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆಯಿತು. ಹೆಜ್ಜೆಯ ಸದ್ದಿಲ್ಲ. ಇಣುಕಿ ನೋಡಿದೆ. ಮೊಸರಿನ ಪ್ಯಾಕೆಟ್ಟು ಹಿಡಿದ ಮಾವ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹೊಸಿಲಿನಲ್ಲೇ ನಿಂತುಬಿಟ್ಟಿದ್ದರು. ಮುಖ ಖಾಲಿ ಮೆಟ್ಟಿಲಿನ ಕಡೆಗೆ. ಬ್ಯಾಟರಿ ತೆಗೆದದ್ದು ಮರೆತೇ ಹೋಗಿತ್ತೇನೋ.

"ಬಂದ್ರಾ ಮಾವ?" ಎಂದೆ.

ಅವರು ತಿರುಗಿ ನನ್ನನ್ನು ನೋಡಿದರು. ಎಷ್ಟೋ ಹೊತ್ತು ಬಗ್ಗಿ ಚಪ್ಪಲಿ ಬಿಚ್ಚಿದರು. ಮೇಲೆದ್ದಾಗ ಜಪಾನು ಅವರ ಬಾಯಿಗೆ ಬರಲಿಲ್ಲ.

"ಬಂದೆನಮ್ಮಾ" ಎಂದರು.