ಸರ್ಕಾರದ ಕುರಿ ಕಳೆದ ಅಳಿಯ

"ಮಾವಾ, ಬರದಿಟ್ಕೋರಿ! ಮೊದಲ ಪಗಾರ ಆದ ದಿನ ಹೊಸಾ ಸೈಕಲ್ ಹತ್ತಿ ನಿಮ್ಮ ಅಂಗಳಕ್ಕ ಬರ್ತೇನಿ. ಅವತ್ತ ಲಗ್ನ ಗಟ್ಟಿ ಮಾಡ್ರಿ!"

ತಾಂಬಾದಲ್ಲಿ ಸೋದರಮಾವ ಅಮೋಘಸಿದ್ಧನ ಎದುರು ಹೀಗೆ ಎದೆ ಉಬ್ಬಿಸಿದವನು ಸೋಮನಿಂಗ. ಎಪ್ಪತ್ತಾರನೆಯ ಇಸವಿ. ಕುರುಬರ ಓಣಿಯಿಂದ ಇಂಡಿ ಪಟ್ಟಣದ ಸರ್ಕಾರಿ ಕಚೇರಿಗೆ ಗುಮಾಸ್ತನಾಗಿ ಹೋದ ಮೊಟ್ಟಮೊದಲ ಗಂಡುಗಲಿ! ಮಾವನ ಕುರಿ ಹಿಂಡು ದೊಡ್ಡದು, ಮಾತು ಕಡಿಮೆ. "ನೋಡೂಣು," ಅಂದ. ಬಾಗಿಲ ಸಂದಿಯಲ್ಲಿ ಮಾವನ ಮಗಳು ಶಂಕ್ರೆವ್ವ ಕಿಸಕ್ಕನೆ ನಕ್ಕಳು. ಆ ನಗುವಿನ ಗುಂಗಿನಲ್ಲಿ ಸೋಮನಿಂಗ ಬಸ್ಸು ಹತ್ತಿದವನು ಟಿಕೀಟು ತೆಗೆಸುವುದನ್ನೇ ಮರೆತು ಕಂಡಕ್ಟರನಿಂದ ಬೈಸಿಕೊಂಡ.

ಮುಂದೆ ತಿಂಗಳಿಡೀ ಮೈ ಕುರ್ಚಿಯ ಮೇಲೆ, ಮನಸ್ಸು ಸೈಕಲ್ ಮೇಲೆ. ಹಸಿರು ಸೈಕಲ್ಲು! ಹ್ಯಾಂಡಲ್ಲಿಗೆ ಬಣ್ಣದ ಕುಚ್ಚು, ಗಾಲಿಗೆ ಡೈನಮೋ, ಟ್ರಿಣ್ ಟ್ರಿಣ್ ಗಂಟೆ, ಹಿಂದೆ ಕ್ಯಾರಿಯರ್ ಮೇಲೆ ಶಂಕ್ರೆವ್ವ. ಎರಡೂ ಕಡೆ ಜೋಳ ತೆನೆ ಹಿಡಿದು ನಿಂತಿದೆ, ತಂಗಾಳಿ ಬೀಸುತ್ತಿದೆ, ಅವಳ ಸೆರಗು ಹಾರಿ ಹಾರಿ ಇವನ ಬೆನ್ನಿಗೆ ತಾಗುತ್ತಿದೆ...

"ಸೋಮನಿಂಗಾ, ಶಾಯಿ ಚೆಲ್ಲಾಕತ್ತೈತಿ!" ಎಂದು ಹೆಡ್ ಕ್ಲಾರ್ಕ್ ಬಸಂತರಾಯರು ಕೂಗಿದಾಗಲೇ ಎಚ್ಚರ.

ಅಂತೂ ಪಗಾರದ ದಿನ ಬಂತು. "ವಿಮಾ," ಎಂದು ಬಸಂತರಾಯರು ಕೆಲವು ನೋಟು ಬದಿಗಿಟ್ಟರು. ಡೈನಮೋ ಉದುರಿತು. "ವೃತ್ತಿ ತೆರಿಗಿ." ಗಂಟೆ ಹೋಯಿತು! "ಕಡ್ಡಾಯ ಠೇವಣಿ." ಅಯ್ಯಯ್ಯೋ, ಕ್ಯಾರಿಯರ್! ಇನ್ನು ಶಂಕ್ರೆವ್ವ ಕೂಡುವುದಾದರೂ ಎಲ್ಲಿ?

"ಸರ, ನಾ ಏನ್ ತಪ್ಪು ಮಾಡೇನ್ರಿ?"

"ತಪ್ಪಲ್ಲೋ ಹುಚ್ಚಪ್ಪಾ, ಇದು ಕಟಾವು. ನೌಕರಿ ಅಂದ ಮ್ಯಾಲೆ ಇರೂದ. ವಿಮಾ ರೊಕ್ಕ ಮುಂದ ಮುದುಕ ಆದ ಮ್ಯಾಲೆ ಬರ್ತೈತಿ."

ಸೋಮನಿಂಗ ಅದನ್ನೂ ಕನಸಿನಲ್ಲಿ ಕಂಡ. ಅದೇ ಜೋಳದ ಹೊಲ, ಅದೇ ತಂಗಾಳಿ. ಕ್ಯಾರಿಯರ್ ಮೇಲೆ ಹಲ್ಲಿಲ್ಲದ ಶಂಕ್ರೆವ್ವ, ಮುಂದೆ ಪೆಡಲ್ ತುಳಿಯಲಾಗದೆ ಏದುಸಿರು ಬಿಡುವ ತಾನು. ಕಣ್ಣಲ್ಲಿ ನೀರೇ ಬಂತು.

ಬಸ್ಸಿಳಿದು ತಾಂಬಾದ ಅಂಗಳಕ್ಕೆ ಕಾಲೆಳೆಯುತ್ತ ಹೋದ.

"ಸೈಕಲ್ ಎಲ್ಲೋ?" ಎಂದ ಮಾವ.

"ಪಗಾರದಾಗ ಕಟಾವು ಮಾಡಿಕೊಂಡ್ರು, ಮಾವಾ."

ಮಾವನ ಮುಖ ಕಪ್ಪಿಟ್ಟಿತು. ಕುರಿ ಕಾಯುವವರಲ್ಲಿ ಪಗಾರ ಕಡಿಯುವುದು ಒಂದೇ ಕಾರಣಕ್ಕೆ: ಸಂಬಳದ ಆಳು ಕುರಿ ಕಳೆದರೆ. ತೋಳ ತಿಂದಿದ್ದರೆ ಸತ್ತ ಕುರಿಯ ಕಿವಿ ತಂದು ಧಣಿಗೆ ತೋರಿಸಬೇಕು. ಕಿವಿ ಇಲ್ಲವೆಂದರೆ ಆಳೇ ಮಾರಿ ತಿಂದಿದ್ದಾನೆ ಎಂದರ್ಥ.

"ಕಿವಿ ತೋರ್ಸಲಿಲ್ಲೇನು?"

"ಯಾರ ಕಿವಿ, ಮಾವಾ?"

"ನನ್ನ ಕಿವಿ! ಮೊದಲ ತಿಂಗಳಾಗ ಸರ್ಕಾರದ ಕುರಿ ಕಳದಾಂವಗ ನನ್ನ ಮಗಳನ್ನ ಹ್ಯಾಂಗ ಕೊಡ್ಲೋ?"

"ನಾ ಏನೂ ಕಳದಿಲ್ಲ ಮಾವಾ! ಮುದುಕ ಆದ ಮ್ಯಾಲೆ ತಿರುಗಿ ಕೊಡ್ತಾರಂತ!"

"ತೋಳ ತಿಂದದ್ದನ್ನ ತಿರುಗಿ ಕೊಟ್ಟದ್ದು ಎಲ್ಲ್ಯಾರ ಕೇಳೀಯೇನು? ನಡಿ!"

ಲಗ್ನದ ಮಾತು ಅಲ್ಲಿಗೇ ನಿಂತಿತು. ಬಾಗಿಲ ಸಂದಿಯಲ್ಲಿ ನಗುವೂ ಇರಲಿಲ್ಲ.

ಆದರೂ ಅಕ್ಕನ ಮಗ, ಕರುಳು ಕೇಳಬೇಕಲ್ಲ! ಸೋಮವಾರ ಮಾವ ಇಂಡಿ ಪಟ್ಟಣದ ಕಚೇರಿಯಲ್ಲಿ ಪ್ರತ್ಯಕ್ಷನಾದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕೊಬ್ಬಿದ ಟಗರು!

"ಸಾಹೇಬ್ರ, ಹುಡುಗ ಕಳದದ್ದಕ್ಕ ಇದನ್ನ ಹಿಡೀರಿ. ಪಗಾರ ಕಡೀಬ್ಯಾಡ್ರಿ, ಮದಿವಿ ಮಾಡೂ ಹುಡುಗ!"

ಬಸಂತರಾಯರು ಏನಿದು ಎಂದು ಬಗ್ಗಿ ನೋಡಿದ್ದೇ ತಪ್ಪಾಯಿತು. ಬಗ್ಗಿದ ತಲೆ ಕಂಡರೆ ಟಗರು ಸುಮ್ಮನಿರುತ್ತದೆಯೇ? ಡಿಕ್ಕಿ! ಮರುಕ್ಷಣ ಬಸಂತರಾಯರು ಮೇಜಿನ ಮೇಲಿದ್ದರು. ಉಳಿದ ವಿವರಣೆಯೆಲ್ಲ ಅಲ್ಲಿಂದಲೇ.

"ಯಪ್ಪಾ, ಇಲ್ಲಿ ಎಲ್ಲಾರ ಪಗಾರಾನೂ ಕಡೀತಾರೋ! ನಂದು ಇವನಕಿಂತ ಹೆಚ್ಚು!"

"ನಿಮ್ಮ ಸಾಹೇಬ್ರದು?"

"ನನಕಿಂತ ಹೆಚ್ಚು!"

"ವಿಜಾಪುರದ ದೊಡ್ಡ ಸಾಹೇಬ್ರದು?"

"ಅವರದಂತೂ ಕೇಳಬ್ಯಾಡ! ಮೊದಲ ಇದನ್ನ ಹಿಡಿ ಮಾರಾಯಾ!"

ಮಾವ ಹಗ್ಗ ಜಗ್ಗಿ ಹಿಡಿದು ಇಡೀ ಕಚೇರಿಯನ್ನು ಮರುಕದಿಂದ ನೋಡಿದ.

"ಅಂದ್ರ ಇಷ್ಟು ಮಂದ್ಯಾಗ ಒಬ್ಬಗೂ ಕುರಿ ಕಾಯಾಕ ಬರಂಗಿಲ್ಲ!" ಆಮೇಲೆ ಅಳಿಯನ ಬೆನ್ನು ತಟ್ಟಿದ. "ಎಲ್ಲಾರಕಿಂತ ನೀನ ಪಾಡ ಬಿಡು, ಕಡಿಮಿ ಕಳದಿ. ಲಗ್ನ ಗಟ್ಟಿ!"

ಆ ಟಗರೇ ಲಗ್ನದ ಮರುದಿನ ಬೀಗರ ಊಟಕ್ಕಾಯಿತು. ಮುಂದಿನ ಪಗಾರವನ್ನು ಸೋಮನಿಂಗ ಬೀಗುತ್ತ ತಂದು ಹೆಂಡತಿಯ ಕೈಗಿಟ್ಟ. ಶಂಕ್ರೆವ್ವ ಅದನ್ನು ಸೆರಗಿಗೆ ಗಂಟು ಹಾಕಿ, ಚಹಾಕ್ಕೆಂದು ಅವನ ಅಂಗೈಗೆ ಚಿಲ್ಲರೆ ಹಾಕಿದಳು.

"ಇಷ್ಟನ?"

"ಕಟಾವು ಮಾಡೇನಿ."

"ಯಾಕ? ನಾ ಏನ್ ಕಳದೇನಿ?"

"ಸೈಕಲ್. ಕ್ಯಾರಿಯರ್ ಸುದ್ದಾ. ತಿಂಗಳಿಡೀ ಬಾಗಿಲದಾಗ ನಿಂತು ಹಾದಿ ಕಾದೇನಿ."

"ಅದು... ಅದನ್ನ ತೋಳ ತಿಂತು ಅಂತ ತಿಳ್ಕೋ."

"ಹಂಗಾರ ಕಿವಿ ತೋರ್ಸ್ರಿ!"

ಜೋಳದ ಹೊಲ, ತಂಗಾಳಿ, ಹಾರುವ ಸೆರಗು ಎಲ್ಲ ಒಮ್ಮೆ ಕಣ್ಣೆದುರು ಬಂದು ಹೋದವು. ಸೋಮನಿಂಗ ತಲೆ ಬಗ್ಗಿಸಿ ತನ್ನದೇ ಕಿವಿ ಮುಂದೆ ಮಾಡಿದ. ಶಂಕ್ರೆವ್ವ ಹಿಡಿದು ಚೆನ್ನಾಗಿ ತಿರುವಿದಳು.