ಮುದುಕಪ್ಪ ಎದ್ದು ಕೂತ ಭಾನುವಾರ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಬೈಸಿಕೊಳ್ಳುವ ವಸ್ತು ಒಂದೇ ಒಂದು. ಅದು ಮಲಗುವ ಕೋಣೆಯ ಕಿಟಕಿಯ ಕೆಳಗೆ ಕೂತಿರುವ ನನ್ನ ಹಳೇ ಕಂಪ್ಯೂಟರು. ನನ್ನ ಮೊದಲ ಕಚೇರಿ ಬಾಗಿಲು ಹಾಕಿದ ದಿನ ಹೊತ್ತು ತಂದದ್ದು. ಹೆಸರು ಮುದುಕಪ್ಪ. (ಇಟ್ಟವಳು ಹೆಂಡತಿ. ನನ್ನನ್ನೂ ಸೇರಿಸಿಯೇ ಇಟ್ಟಳೆಂಬ ಗುಮಾನಿ ನನಗಿದೆ.) ಅದು ಕಣ್ಣು ಮುಚ್ಚಿ ವರ್ಷಗಳೇ ಆಗಿದ್ದವು.

“ರೀ, ಆ ಜಾಗಕ್ಕೆ ನನ್ನ ಹೊಲಿಗೆ ಮಿಷನ್ ಬರ್ಬೇಕು. ಸಂಜೆ ಗುಜರಿಯವನಿಗೆ ಬರೋಕೆ ಹೇಳಿದೀನಿ,” ಎಂದಳು ಭಾನುವಾರ ಬೆಳಿಗ್ಗೆ.

ನಾನು ಮುದುಕಪ್ಪನಿಗೆ ಅಡ್ಡ ನಿಂತೆ. “ಸ್ವಲ್ಪ ತಡಿಯೇ! ಇದನ್ನ ನಡೆಸೋ ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದರ ಒಳಗುಟ್ಟನ್ನೆಲ್ಲ ಕಂಪನಿಯವರೇ ಈಗ ಲೋಕಕ್ಕೆ ಬಿಟ್ಟುಕೊಟ್ಟಿದಾರೆ. ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು, ತಿದ್ದಬಹುದು. ನನ್ನಂಥ ಹುಚ್ಚರೆಲ್ಲ ಸೇರ್ಕೊಂಡು ಸರಿ ಮಾಡಿಟ್ಟಿದಾರೆ.”

“ನಿಮ್ಮಂಥವರು ಇನ್ನೂ ಇದಾರಾ?” ಅವಳ ಮುಖದಲ್ಲಿ ನಿಜವಾದ ಗಾಬರಿ. “ಸರಿ, ಸಂಜೆಯೊಳಗೆ ಎದ್ದು ಕೂತ್ರೆ ಇರ್ಲಿ. ಇಲ್ಲಾಂದ್ರೆ ಗಾಡಿ ಹತ್ಲಿ.”

ಹೊಸ ಸಿಸ್ಟಮ್ಮನ್ನು ಒಳಕ್ಕಿಳಿಸಲು ಫ್ಲಾಪಿ, ಅಂದರೆ ಆ ಕಾಲದ ಚಪ್ಪಟೆ ಡಿಸ್ಕು, ಬೇಕು. ನನ್ನ ಫ್ಲಾಪಿಗಳೆಲ್ಲ ಊಟದ ಮೇಜಿನ ಮೇಲೆ, ಚಹಾ ಲೋಟಗಳ ಕೆಳಗೆ ಸೇವೆ ಸಲ್ಲಿಸಿ ಹುತಾತ್ಮವಾಗಿದ್ದವು. ನೆಂಟರ ಲೋಟಕ್ಕೆಂದು ಎತ್ತಿಟ್ಟಿದ್ದ ಒಂದು ಮಾತ್ರ ಕಲೆಯಿಲ್ಲದೆ ಉಳಿದಿತ್ತು. (ನೆಂಟರು ಬರುವುದು ಬಿಟ್ಟಿದ್ದಾರೆ. ಮುದುಕಪ್ಪನ ಕಥೆ ಹೇಳುತ್ತೇನೆಂಬ ಭಯ.) ಮಗಳ ಲ್ಯಾಪ್‌ಟಾಪಿಗೆ ಹೊರಗಿನಿಂದ ಒಂದು ಫ್ಲಾಪಿ ಡ್ರೈವು ಸಿಕ್ಕಿಸಿ, ಎಲ್ಲವನ್ನೂ ಆ ಫ್ಲಾಪಿಗೆ ತುಂಬಿಸಿ, ಮುದುಕಪ್ಪನ ಬಾಯಿಗೆ ತುರುಕಿ, ಸ್ವಿಚ್ಚು ಒತ್ತುವಷ್ಟರಲ್ಲಿ ಸಂಜೆಯಾಗಿತ್ತು.

ಗರಗರ ಎಂದಿತು. ಆಮೇಲೆ ಸದ್ದೇ ಇಲ್ಲ. ಅಷ್ಟರಲ್ಲಿ ಗೇಟಿನ ಬಳಿ ಗುಜರಿ ಗಾಡಿಯ ಗಂಟೆ ಕೇಳಿಸಿತು. “ಏಳೋ, ಮಾನ ಉಳಿಸೋ” ಎಂದು ಗೋಗರೆದೆ.

ಕೀಂ! ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

“ಎದ್ದ ಕಣೇ! ಮುದುಕಪ್ಪ ಎದ್ದ!”

ಹೆಂಡತಿ ಓಡಿ ಬಂದಳು. ಕೀಲಿಗಳನ್ನು ಒತ್ತಿ ನೋಡಿದಳು. “ಪರವಾಗಿಲ್ವೇ! ಇರ್ಲಿ ಬಿಡಿ, ಗುಜರಿಯವನನ್ನ ಕಳಿಸಿ ಬರ್ತೀನಿ,” ಎಂದು ಬಾಗಿಲ ಕಡೆ ನಡೆದಳು.

ನಾನು ಸುಮ್ಮನಿರಬೇಕಿತ್ತು. ಆದರೆ ಬಾಯಿ ಕೇಳಬೇಕಲ್ಲ. “ಗುಟ್ಟು ಬಿಟ್ಟುಕೊಟ್ಟದ್ದರ ಮಹಿಮೆ ನೋಡು! ಇದೇ ಸಿಸ್ಟಮ್ಮನ್ನ ಜನ ಈಗ ಫೋನಲ್ಲೂ ಓಡಿಸ್ತಿದಾರೆ. ಇದೇ ಕೀಂ, ಇದೇ ಹಸಿರು ಅಕ್ಷರ!”

ಅವಳು ಹೊಸ್ತಿಲಲ್ಲೇ ನಿಂತಳು. “ಫೋನಲ್ಲಾ?”

ಸದ್ದು ಕೇಳಿ ಬಂದಿದ್ದ ಮಗಳು ತಾಯಿಯ ಫೋನು ತೆಗೆದುಕೊಂಡು ಏನೇನೋ ಒತ್ತಿದಳು. ಕೀಂ! “ಒಂಚೂರೂ ವ್ಯತ್ಯಾಸ ಇಲ್ಲಮ್ಮ.”

“ಹಾಗಾದ್ರೆ ಈ ಡಬ್ಬಾ ಯಾಕ್ರೀ?”

ಅವಳೇ ಗುಜರಿಯವನನ್ನು ಒಳಗೆ ಕರೆದಳು. ಅವನು ಮುದುಕಪ್ಪನನ್ನು ಎದೆಗವಚಿಕೊಂಡು, “ಇನ್ನೂ ಬೆಚ್ಚಗಿದೆಯಲ್ಲ ಸಾರ್,” ಎಂದ. ನನಗೆ ಅಳುವೇ ಬಂತು.

ಈಗ ಕಿಟಕಿಯ ಕೆಳಗೆ ಹೊಲಿಗೆ ಮಿಷನ್ ಇದೆ. ಮುದುಕಪ್ಪ ಅವಳ ಫೋನಿನಲ್ಲಿದ್ದಾನೆ. ನನ್ನ ಹಳೇ ಫೋನಿನಲ್ಲಿ ಅವನು ಓಡುವುದಿಲ್ಲ. (ಅದರ ಮೇಲೂ ಅವಳ ಕಣ್ಣು ಬಿದ್ದಿದೆ.) ಅವನನ್ನು ನೋಡಬೇಕೆನಿಸಿದಾಗ ಮಿಷನ್ನಿನ ಪಕ್ಕ ಹೋಗಿ ನಿಲ್ಲುತ್ತೇನೆ. ಅವಳು ತಲೆಯೆತ್ತದೆ ಒಂದು ರವಿಕೆ ನನ್ನತ್ತ ತಳ್ಳುತ್ತಾಳೆ.

“ಮೊದ್ಲು ಇದಕ್ಕೆ ಹುಕ್ಕು ಹಾಕಿ ಕೊಡಿ. ಆಮೇಲೆ ನೋಡೋಣ.”