ಪಲಾನಿಯ ತೂಕಕ್ಕೆ ತಕ್ಕ ಹಲಗೆ

ಶನಿವಾರ ಬೆಳಿಗ್ಗೆ ಗೆಳೆಯ ಕಮಾಕನ ಚಿತಾಭಸ್ಮವನ್ನು ಕಡಲಿಗೆ ಬಿಡಲು ಅಲೆಗಳಾಚೆ ತಾನೇ ಒಯ್ಯುವುದಾಗಿ, ಅದೂ ಅಲೆಯ ಮೇಲೆ ಜಾರುವ ಸರ್ಫಿಂಗ್ ಹಲಗೆಯ ಮೇಲೆಯೇ ಒಯ್ಯುವುದಾಗಿ ಪಲಾನಿ ಸೋಮವಾರ ಊಟದ ಮೇಜಿನ ಮುಂದೆ ಘೋಷಿಸಿದ. ಅನ್ನ ಬಡಿಸುತ್ತಿದ್ದ ಹೆಂಡತಿ ಹೌನಾನಿಯ ಕೈ ಅಲ್ಲೇ ನಿಂತಿತು. ಮಕಾಹಾ ಎಂಬ ದ್ವೀಪದೂರಿನ ಕಡಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ ಹುಟ್ಟಿ, ಅರವತ್ತೊಂದು ವರ್ಷ ಅಲ್ಲೇ ಕಳೆದ ಈ ಮಹಾಶಯ ಇದುವರೆಗೆ ಹಲಗೆಯ ಮೇಲೆ ಹೊಟ್ಟೆಯನ್ನೂ ಊರಿದವನಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತಿದ್ದ. ಆ ಮಂಡಿನೋವು ಅವನಿಗೆ ಒಂಬತ್ತನೇ ವಯಸ್ಸಿಗೇ ಶುರುವಾಗಿತ್ತು.

"ವಯಸ್ಸಾದವರೆಲ್ಲ ದೋಣಿಯಲ್ಲಿ ಹೋಗ್ತಾರೆ. ನೀನೂ ಅದರಲ್ಲೇ ಬಾ," ಎಂದಳು.

"ಹಲಗೆ ಮಾಡೋದರಲ್ಲೇ ಜೀವ ಸವೆಸಿದವನನ್ನ ದೋಣಿಯಲ್ಲಿ ಕೂತು ಕಳಿಸಿಕೊಡಲಾ? ನನ್ನ ಗೆಳೆಯ ಕಣೇ ಅವನು."

ಹೌನಾನಿ ಅವನ ತಟ್ಟೆಗೆ ಉಳಿದ ಅನ್ನ ಬಡಿಸಿದಳು.

ಮರುದಿನ ಪಲಾನಿ ಹಲಗೆ ಬಾಡಿಗೆಗೆ ಕೊಡುವ ಅಂಗಡಿಗೆ ಹೋದ. ಅಲ್ಲಿದ್ದ ನೋಹೆಯಾ ಅವನು ಓಡಿಸುವ ಬಸ್ಸಿನಲ್ಲೇ ಶಾಲೆಗೆ ಹೋಗಿ ಬೆಳೆದವಳು. ತೂಕ ಕೇಳಿದಳು. ಇನ್ನೂರು ಪೌಂಡು ಎಂದ. ಮದುವೆಯ ದಿನದಿಂದ ಅವನು ಆ ಸಂಖ್ಯೆಯನ್ನು ಬದಲಿಸಿರಲಿಲ್ಲ. ಅವಳು ಅವನ ಮುಖ ನೋಡಿ, ಹೊಟ್ಟೆ ನೋಡಿ, ಬರೆದುಕೊಳ್ಳಲು ತೆಗೆದ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾಗಿಲಿನಷ್ಟು ಅಗಲದ ಹನ್ನೊಂದಡಿಯ ನೀಲಿ ಹಲಗೆಯೊಂದನ್ನು ಎಳೆದು ತಂದಳು.

"ಹೊಸಬರಿಗೆ ಉದ್ದ, ಅಗಲ, ದಪ್ಪ ಎಲ್ಲಾ ಜಾಸ್ತಿನೇ ಇರಬೇಕು ಅಂಕಲ್. ಆಗಲೇ ತೇಲೋದು."

"ಇದು ಪ್ರವಾಸಿಗಳದ್ದು. ಇದರ ಮೇಲೆ ನನ್ನನ್ನ ಯಾರಾದರೂ ನೋಡಿದರೆ ಬೇರೆ ದ್ವೀಪಕ್ಕೆ ಹೋಗಿ ಬಸ್ಸು ಓಡಿಸಬೇಕಾಗುತ್ತೆ."

ಕೊಕ್ಕಿನಂಥ ಮೂತಿಯ, ಹಪ್ಪಳದಷ್ಟು ತೆಳ್ಳಗಿನ ಆರಡಿಯದನ್ನು ಹೊತ್ತು ಹೊರಟ.

ಬುಧವಾರ ನೀರಿಗಿಳಿದು ಅದರ ಮೇಲೆ ಆಸೀನನಾದ. ಹಲಗೆ ಸದ್ದಿಲ್ಲದೆ ಮುಳುಗಿತು. ದಡದಿಂದ ನೋಡಿದವರಿಗೆ ಕಂಡದ್ದು, ಎದೆಮಟ್ಟದ ನೀರಿನಲ್ಲಿ ರಾಜಗಾಂಭೀರ್ಯದಿಂದ ಕುಳಿತ ಒಬ್ಬ ಮನುಷ್ಯ ಮಾತ್ರ. ಒಂದು ಆಮೆ ಹತ್ತಿರ ಬಂದು ಅವನನ್ನು ನೋಡಿಕೊಂಡು ಹೋಯಿತು. ಕಾವಲು ಗೋಪುರದವನು ಮೈಕಿನಲ್ಲಿ, ಏನಾದರೂ ಕಳೆದುಕೊಂಡಿರಾ ಎಂದು ವಿಚಾರಿಸಿದ. ಕೆಳಗೆ ಹಲಗೆ ಇದೆ ಎಂದು ತೋರಿಸಲು ಪಲಾನಿ ತೊಡೆ ಸ್ವಲ್ಪ ಸರಿಸಿದ. ಅಷ್ಟೇ ಸಾಕಾಯಿತು. ಅಷ್ಟು ಹೊತ್ತು ಉಸಿರುಗಟ್ಟಿದ್ದ ಹಲಗೆ ನೀರು ಸೀಳಿ ಆಕಾಶಕ್ಕೆ ಚಿಮ್ಮಿ, ದಡದಲ್ಲಿ ಶನಿವಾರದ ಹಾಡು ಅಭ್ಯಾಸ ಮಾಡುತ್ತಿದ್ದ ಹೆಂಗಸರ ನಡುವೆ ಇಳಿದು, ಕೆಸುವಿನ ಗಡ್ಡೆ ಜಜ್ಜಿ ಮಾಡಿದ ಪೋಯಿಯ ಪಾತ್ರೆಯಲ್ಲಿ ಮೂತಿ ನೆಟ್ಟುಕೊಂಡಿತು. ಆ ದಿನ ನೆಟ್ಟಗೆ ನಿಂತದ್ದು ಅದೊಂದೇ.

"ಪೋಯಿ ಬೇಕಿದ್ದರೆ ಬಾಯಿಬಿಟ್ಟು ಕೇಳಬಾರದೇನೋ?" ಎಂದರು ಅವರಲ್ಲೊಬ್ಬರಾದ ಪುವಾ ಆಂಟಿ.

ಗುರುವಾರವೂ ಅದೇ ಗತಿ. ಶುಕ್ರವಾರದ ಹೊತ್ತಿಗೆ ಅರ್ಧ ಸಮುದ್ರ ಕುಡಿದಿದ್ದ. ಸಂಜೆ ಮರಳಿನ ಮೇಲೆ ಕುಳಿತು, ದೋಣಿಯಲ್ಲೇ ಬರುತ್ತೇನೆ ಎಂದು ಹೆಂಡತಿಗೆ ಹೇಳಿದ. ಗೆದ್ದ ಹೌನಾನಿಗೆ ಆ ದನಿ ಕೇಳಿ ಯಾಕೋ ಸಂತೋಷವಾಗಲಿಲ್ಲ. ಎದ್ದು ಹೋಗಿ ಕಮಾಕನ ಹೆಂಡತಿ ಮೋಮಿಗೆ ಫೋನು ಮಾಡಿದಳು.

ಮೋಮಿ ಪಲಾನಿಯನ್ನು ಕಮಾಕ ಹಲಗೆ ಮಾಡುತ್ತಿದ್ದ ಶೆಡ್ಡಿಗೆ ಕರೆದೊಯ್ದಳು. ಎಲ್ಲಕ್ಕಿಂತ ಹಿಂದೆ, ಹಳೆಯ ಹೊದಿಕೆಯೊಳಗೆ, ಹತ್ತೂವರೆ ಅಡಿಯ ದಪ್ಪ ಹಲಗೆಯೊಂದು ಗೋಡೆಗೊರಗಿತ್ತು. ಹಲಗೆ ಯಾರಿಗೆ, ಎಷ್ಟು ತೂಕಕ್ಕೆ ಎಂದು ಪೆನ್ಸಿಲಿನಲ್ಲಿ ಬರೆದು, ಅದರ ಮೇಲೆ ಗಾಜಿನಂಥ ಪದರ ಹಚ್ಚುವುದು ಕಮಾಕನ ಕ್ರಮ. ಪಲಾನಿ ಧೂಳು ಒರೆಸಿ ಓದಿದ.

'ಪಲಾನಿಗೆ. ಇನ್ನೂರು ಎನ್ನುತ್ತಾನೆ. ಇನ್ನೂರ ಎಪ್ಪತ್ತಕ್ಕೆ ಮಾಡಿದ್ದೇನೆ. ನಿಜ ಹೇಳಿದ ದಿನ ಕೊಡುವುದು.'

ಕೆಳಗೆ ಹತ್ತೊಂಬತ್ತು ವರ್ಷದ ಹಿಂದಿನ ತಾರೀಖು.

"ಆಗ ನಾನು ಇನ್ನೂರ ಮೂವತ್ತೂ ಇರಲಿಲ್ಲ," ಎಂದ ಪಲಾನಿ.

"ನಿನ್ನ ಊಟ ಅವನಿಗೆ ಗೊತ್ತಿತ್ತಲ್ಲ," ಎಂದಳು ಮೋಮಿ.

ಶನಿವಾರ ಎಲೆಯಲ್ಲಿ ಸುತ್ತಿದ ಭಸ್ಮವನ್ನು ಕೊರಳಿಗೆ ಕಟ್ಟಿಕೊಂಡು ಪಲಾನಿ ಕಮಾಕನ ಹಲಗೆಯ ಮೇಲೆ ಬೋರಲು ಮಲಗಿದ. ತೇಲಿದ. ಎದ್ದು ನಿಲ್ಲಲಿಲ್ಲ, ನಿಲ್ಲು ಎಂದು ಯಾರೂ ಹೇಳಲೂ ಇಲ್ಲ. ಅಲೆಗಳಾಚೆ ನಲವತ್ತು ಹಲಗೆಗಳು ದುಂಡಗೆ ಸೇರಿದ್ದವು, ಪಕ್ಕದಲ್ಲಿ ದೋಣಿ. ಹೋದವನಿಗೆ ಕೊನೆಯ ಮಾತು ಹೇಳಬೇಕಾದವನು ಪಲಾನಿ. ಒಂದಿಡೀ ಪುಟ ಬಾಯಿಪಾಠ ಮಾಡಿದ್ದ. ಎಲೆ ಬಿಚ್ಚಿದಾಗ ಬೂದಿ ನೀರಿನಲ್ಲಿ ಹೊಗೆಯಂತೆ ಹರಡಿತು, ಕಲಿತದ್ದೆಲ್ಲ ಮರೆತುಹೋಯಿತು.

"ಇನ್ನೂರ ಎಪ್ಪತ್ತು, ಕಮಾಕಾ," ಎಂದ.

ದೋಣಿಯಲ್ಲಿದ್ದ ಹೌನಾನಿ ಕಣ್ಣೊರೆಸಿಕೊಳ್ಳುತ್ತಲೇ ತಿದ್ದಿದಳು.

"ಎಪ್ಪತ್ತಾರು."